ಬದುವಿನವ್ವನ ಅರಿಶಿನದ ಕೆಳಗೆ

ನನಗಾಗ ಅರವತ್ತೆರಡು, ಈಗ್ಗೆ ಹತ್ತು ವರ್ಷದ ಮಾತು. ದಿಗ್ಗೇವಾಡಿಯ ನಮ್ಮ ಕಬ್ಬಿನ ಹೊಲದ ಬದುವಿನ ಮೇಲೆ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದು ನಮಗೆ ಬದುವಿನವ್ವ. ಮಕ್ಕಳಾಗದ ಹೆಂಗಸರು ಶುಕ್ರವಾರ ಬಂದು ಅವಳಿಗೆ ಉಡಿ ತುಂಬುತ್ತಿದ್ದರು: ರವಿಕೆಯ ಖಣ, ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ. ನನ್ನ ಮಗ ಅವಳು ಕೊಟ್ಟವನೇ ಎಂದು ಊರೆಲ್ಲ ಹೇಳಿದ್ದೆ. ಸೊಸೆಗೆ ಮದುವೆಯಾಗಿ ಎಷ್ಟು ವರ್ಷವಾದರೂ ಬಸಿರಿರಲಿಲ್ಲ. ದವಾಖಾನೆಗೆ ಹೋಗುತ್ತೇನೆಂದರೆ ನಾನು ಬಿಟ್ಟಿರಲಿಲ್ಲ. ಉಡಿ ತುಂಬು ಎಂದಿದ್ದೆ.

ಆಗ ಬಂದಳು ಒಬ್ಬ ಬಿಳಿ ಹೆಂಗಸು, ನನ್ನ ವಯಸ್ಸಿನವಳೇ. ಬಿಸಿಲಿಗೆ ಮುಖ ಟೊಮೆಟೊ ಆಗಿತ್ತು. ಜೊತೆಗೆ ಚಿಕ್ಕೋಡಿಯ ಕಾಲೇಜು ಮಾಸ್ತರರು.

"ಇವ್ರು ಐರ್ಲೆಂಡಿನವ್ರು, ಆಯಿ. ಅಲ್ಲಿ ಬರಗಾಲ ಬಿದ್ದಾಗ ಇವ್ರ ಹಿರೇರೊಬ್ಬರು ಇಂಗ್ಲಿಷರ ದಂಡಿಗೆ ಸೇರಿ, ಹೆಂಡ್ತಿ ಮಕ್ಕಳನ್ನ ಹಡಗಿನ್ಯಾಗ ಕರಕೊಂಡು ಬಂದಿದ್ರಂತ. ದಂಡು ಕೃಷ್ಣಾ ಹೊಳಿ ದಾಟೂಮುಂದ ಅವ್ರದೊಂದು ಹುಡುಗಿ ಜ್ವರ ಬಂದು ಸತ್ತಳು. ಇಲ್ಲೇ ಎಲ್ಲೋ ಹುಗದು, ಹೆಸರು ಕೆತ್ತಿದ ಕಲ್ಲು ನಿಲ್ಸ್ಯಾರಂತ. ಅದನ್ನ ಹುಡುಕಾಕತ್ತಾರ. ನಿಮ್ಮ ಕಲ್ಲು ತೊಳದು ನೋಡ್ಲೇನು?"

"ತೊಳ್ಯಾಕ ಅದೇನು ಉಂಡ ತಾಟೇನ್ರಿ?" ಎಂದೆ.

ಆ ಹೆಂಗಸು ಜಗಳಾಡಲಿಲ್ಲ. ಚಪ್ಪಲಿ ಕಳಚಿ ಬದುವಿನ ಮೇಲೆ ಕೂತಳು. ಹೊತ್ತು ಇಳಿದರೂ ಏಳಲಿಲ್ಲ. ಕೊನೆಗೆ ಸೊಸೆಯೇ ಬಿಸಿನೀರು, ತೆಂಗಿನ ನಾರು ತಂದಳು.

"ಅವ್ವ ಸಿಟ್ಟಿಗೇಳ್ತಾಳೇನ್ರಿ, ಅತ್ತಿ? ಇಷ್ಟು ಎಣ್ಣಿ ಹಚ್ಚಿದ್ರ ನಾವೂ ನೀರು ಎರಕೊಂತಿದ್ವಿ."

ಎಣ್ಣೆ, ಅರಿಶಿನ, ಕುಂಕುಮ ಮರದ ತೊಗಟೆಯಂತೆ ಎದ್ದು ಬಂದವು. ಕೆಳಗೆ ಇಂಗ್ಲಿಷ್ ಅಕ್ಷರಗಳು. ಮಾಸ್ತರರು ಬೆರಳಿಟ್ಟು ಓದಿದರು. ಹೆಂಗಸು ಕಲ್ಲಿಗೆ ಹಣೆ ಹಚ್ಚಿದಳು.

"ಇವ್ರ ಹುಡುಗೀನ ಖರೆ, ಆಯಿ. ಏಳು ವರ್ಷದಾಕಿ."

ಹಾಲುಹಲ್ಲು ಬೀಳುವ ವಯಸ್ಸು. ನನ್ನ ಅತ್ತೆ, ಅವಳ ಅತ್ತೆ, ನಾನು, ಎಲ್ಲರೂ ಆ ಹುಡುಗಿಯ ಮುಂದೆ ಸೆರಗೊಡ್ಡಿದ್ದೆವು. ದೊಡ್ಡವರ ಬಳೆ ಇಟ್ಟಿದ್ದೆವು. ಅವಳ ಕೈಗೆ ಅವು ನಿಲ್ಲುತ್ತಲೇ ಇರಲಿಲ್ಲ.

ಸೊಸೆ ನನ್ನನ್ನೇ ನೋಡಿದಳು. "ಕೂಸಿನ ಮುಂದ ಕೂಸು ಬೇಡಾಕ ಕಳಿಸಿದ್ರಿ."

ಊರಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅಂದು ಬಿಸಿನೀರಿನ ಖಾಲಿ ಕೊಡ ನಾನೇ ಹೊತ್ತು ಸೊಸೆಯ ಹಿಂದೆ ಮನೆಗೆ ನಡೆದೆ.

ಮರುದಿನ ಮುಂಜಾನೆ ಬದುವಿಗೆ ಹೋಗಿ ಹಳೆಯ ಖಣ, ಬಳೆ ಎಲ್ಲ ತೆಗೆದೆ. ಒಂದು ಬಟ್ಟಲು ಹಾಲು, ಒಂದು ತುಂಡು ಬೆಲ್ಲ ಇಟ್ಟೆ. ಮನೆಗೆ ಬಂದು ಮಗನ ಚಾದರ ಎಳೆದೆ. "ಏಳಲೇ, ನೀನೂ ತೋರಿಸ್ಕೋಬೇಕು," ಎಂದೆ. ಮೂವರೂ ಚಿಕ್ಕೋಡಿ ದವಾಖಾನೆಗೆ ಬಸ್ಸು ಹತ್ತಿದೆವು.