ಅಮ್ಮ ಮತ್ತೆ ಹಾಡಿದಳು

ತೊಂಬತ್ತರ ದಶಕದ ಒಂದು ಬೆಳಿಗ್ಗೆ. ಶಿಕಾರಿಪುರದ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಅಮ್ಮನ ಪ್ರಾರ್ಥನೆಯ ಹಾಡನ್ನು ಗುನುಗುತ್ತಿದ್ದೆ. ಎರಡನೇ ಸಾಲು ಮರೆತು ನಿಂತಾಗ ನನ್ನ ಬೆನ್ನ ಹಿಂದಿದ್ದ ಮಂಚದಿಂದ ಅದೇ ಸಾಲು ಕೇಳಿಸಿತು. ತಿರುಗಿ ನೋಡಿದರೆ ಅಮ್ಮ! ಲಕ್ವ ಹೊಡೆದ ಮೇಲೆ ಅವಳ ಬಾಯಿಂದ ಒಂದು ಪದವೂ ಬಂದಿರಲಿಲ್ಲ. ಅದಕ್ಕೂ ಮುಂಚೆ, ಯೇಸುವಿಗೆ ಹಾಡದೆ ಅವಳು ಒಲೆ ಹೊತ್ತಿಸಿದವಳೇ ಅಲ್ಲ.

ಪಕ್ಕದ ಮನೆಯ ಗೌರಮ್ಮ ಓಡಿ ಬಂದರು. "ಏನ್ರೀ, ನಿಮ್ಮಮ್ಮಾರಾ ಹಾಡಿದ್ದು?"

"ಹೌದ್ರೀ, ಅಮ್ಮನೇ! ದೇವ್ರು ಬಾಯಿ ಕೊಟ್ಟ!"

ಗೌರಮ್ಮ ಅಳುತ್ತಲೇ ನಕ್ಕರು. ಅಮ್ಮ ನಿಲ್ಲಿಸಲಿಲ್ಲ, ತೊದಲುತ್ತಾ ಕೊನೆಯ ಸಾಲಿನವರೆಗೂ ಹಾಡಿದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಮುಂದೆ ಮಾತುಗಳು ಒಂದೊಂದಾಗಿ ಮರಳಿದವು. ಆದರೆ ದೇವರೊಂದಿಗೆ ಅವಳ ಮಾತು ಒಂದು ದಿನವೂ ನಿಂತಿರಲಿಲ್ಲವೆಂದು ನನಗೆ ಅಂದೇ ಮನವರಿಕೆಯಾಗಿತ್ತು.