ಬೀಗಿತ್ತಿ ಇಳಿದು ಹೋದ ದಾರಿ

ಬೀಗಿತ್ತಿ ಬಂದಂದಿನಿಂದ ರಾನ್ ಗ್ವಾಂಗ್‌ಬಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೀಗಿತ್ತಿ ಎಂದರೆ ಇನ್ನೂ ಆಗಬೇಕಾದವಳು. ಮಗಳು ಲಿಂಗ್‌ಯು ಮೆಚ್ಚಿದ ಹುಡುಗ ವೆನ್‌ಕೈಯ ತಾಯಿ, ಹೆನಾನ್ ಸೀಮೆಯ ಗೋಧಿ ಬಯಲಿನವಳು, ಹೆಸರು ಚಿಯಾವ್ ಫೆಂಗ್‌ಯಿಂಗ್. ಮದುವೆಗೆ ಮುಂಚೆ ಒಮ್ಮೆ ಊರು ನೋಡುತ್ತೇನೆ ಎಂದು ಬಂದಿದ್ದಳು. ಊರು ನೋಡುವುದು ಎಂದರೆ ಏನರ್ಥ ಎಂದು ಗ್ವಾಂಗ್‌ಬಿಗೆ ಗೊತ್ತಿಲ್ಲವೇ? ಹಿಡಿಸದಿದ್ದರೆ ಒಬ್ಬನೇ ಮಗನನ್ನು ಬಯಲಿಗೆ ಕರೆದೊಯ್ಯುತ್ತಾಳೆ, ಅವನ ಹಿಂದೆ ಲಿಂಗ್‌ಯುವೂ ಹೊರಡುತ್ತಾಳೆ. ಗ್ವಾಂಗ್‌ಬಿಗೆ ಇದ್ದವಳೂ ಅವಳೊಬ್ಬಳೇ.

ಈ ಬೆಟ್ಟದೂರು ಚೋಂಗ್‌ಚಿಂಗ್ ಹಿಡಿಸದಿರಲು ದೊಡ್ಡ ಕಾರಣ ಬೇಕಾಗಿಲ್ಲ, ಮೆಟ್ಟಿಲು ಸಾಕು. ಗ್ವಾಂಗ್‌ಬಿ ಮದುವೆಯಾಗಿ ಈ ಊರಿಗೆ ಬಂದಾಗ ಹೊಳೆದಂಡೆಯ ದೋಣಿಗಳಿಂದ ಮೇಲಿನ ಪೇಟೆಗೆ ಬೆನ್ನುಬುಟ್ಟಿಯಲ್ಲಿ ಮೂಲಂಗಿ ಹೊತ್ತವಳು. ಗಂಡ ಬಿದಿರು ದಡಿಗೆ ಹಗ್ಗ ಕಟ್ಟಿಕೊಂಡು ಊರವರ ಸಾಮಾನು ಹೊರುತ್ತಿದ್ದ. ಅವನು ತೀರಿಹೋದ ಮೇಲೆ ಅವಳು ಮನೆ ಮುಂದಿನ ಮೆಟ್ಟಿಲ ತಿರುವಿನಲ್ಲೇ ಒಲೆ ಹೂಡಿ, ಖಾರದ ನೂಡಲ್ಸ್ ಮಾರಿ ಮಗಳನ್ನು ಓದಿಸಿದಳು. ಈ ಮೆಟ್ಟಿಲುಗಳು ಏನು ಕೊಡುತ್ತವೆ, ಏನು ಕಿತ್ತುಕೊಳ್ಳುತ್ತವೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾಗಿ ಅವಳು ಒಂದು ಉಪಾಯ ಮಾಡಿದಳು. ಮನೆ ಮುಂದಿನ ನಾಲ್ಕು ಮೆಟ್ಟಿಲು ಬಿಟ್ಟರೆ ಬೀಗಿತ್ತಿಯ ಕಣ್ಣಿಗೆ ಮೆಟ್ಟಿಲೇ ಬೀಳದಂತೆ ಊರು ತೋರಿಸಿದಳು. ಕೆಳಬೀದಿಯ ಕಟ್ಟಡವೊಂದಕ್ಕೆ ನುಗ್ಗಿ, ಲಿಫ್ಟ್ ಹತ್ತಿ, ಮೇಲಿನ ಮಹಡಿಯ ಬಾಗಿಲಿನಿಂದ ಮೇಲ್ಬೀದಿಗೆ ಹೊರಟರೆ ಎಲ್ಲಿಯ ಬೆಟ್ಟ? ಹತ್ತು ಹೆಜ್ಜೆ ಹತ್ತಬೇಕಾದ ಕಡೆ ಬಸ್ಸಿನಲ್ಲಿ ಊರೆಲ್ಲ ಸುತ್ತಿಸಿದಳು. ಬೀಗಿತ್ತಿ ಕಿಟಕಿಗೆ ಮುಖವಿಟ್ಟು, "ಬೆಟ್ಟದ ಊರು ಬೆಟ್ಟದ ಊರು ಅಂತ ಹೆದರ್ಸಿದ್ರಲ್ಲ ಜನ, ನನಗೇನೂ ಕಾಣ್ಲಿಲ್ಲಪ್ಪ," ಎಂದಾಗ ಗ್ವಾಂಗ್‌ಬಿ, "ಜನಕ್ಕೇನು ಬಿಡಿ ಅಕ್ಕ, ಬಾಯಿಗೆ ಬಂದದ್ದು ಹೇಳ್ತಾರೆ," ಎಂದು ನಕ್ಕಳು.

ಇಷ್ಟು ಎಚ್ಚರದಿಂದ ಇದ್ದವಳು ಕೆಟ್ಟದ್ದು ಒಂದೇ ಮಾತಿನಿಂದ. ಆ ಬೆಳಗ್ಗೆ ಒಲೆಯ ಮುಂದೆ ಗಿರಾಕಿಗಳು ಮುಗಿಬಿದ್ದಿದ್ದರು. ಖಾರ ತಿನ್ನಲಾರದ ಫೆಂಗ್‌ಯಿಂಗ್ ತಾನೇ ಹಿಟ್ಟು ನಾದಿ, ಹಬೆಯಲ್ಲಿ ಬನ್ನು ಬೇಯಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಗೆ ಬಂದಳು.

"ಬೀಗರೇ, ಬಿಸಿ ಇರುವಾಗ್ಲೇ ಹುಡುಗಿಗೆ ಕೊಟ್ಟು ಬರ್ತೀನಿ. ಅವಳು ಕೆಲಸ ಮಾಡೋ ಕನ್ನಡಕದ ಅಂಗಡಿ ಎಲ್ಲಿ?"

ಗ್ವಾಂಗ್‌ಬಿ ಹಂಡೆಯಿಂದ ತಲೆ ಎತ್ತದೆ ಸೌಟು ಮೇಲೆತ್ತಿ ತೋರಿಸಿದಳು. "ಅಲ್ಲೇ ಅಕ್ಕ, ಮೇಲೆ. ಕಾಣ್ತಿದೆಯಲ್ಲ ಕೆಂಪು ಬೋರ್ಡು? ಅದೇ!"

ಈ ಊರಿನವರ ಲೆಕ್ಕವೇ ಹಾಗೆ. ಕಣ್ಣಿಗೆ ಕಂಡದ್ದೆಲ್ಲ ಹತ್ತಿರ. ಆಕಾಶಕ್ಕೆ ನೇತುಬಿದ್ದ ಅಂಗಡಿಯನ್ನೂ ಅಲ್ಲೇ ಎಂದು ತೋರಿಸುತ್ತಾರೆ. ನಡುವೆ ಎಷ್ಟು ಮೆಟ್ಟಿಲು, ಎಷ್ಟು ಓಣಿ, ಯಾವ ಕವಲು ಎಂದು ಕಾಲಿಗೆ ಗೊತ್ತಿರುವುದರಿಂದ ಬಾಯಿ ಅದನ್ನು ಹೇಳುವುದಿಲ್ಲ. ಬಟ್ಟಲು ತೊಳೆಯುವ ಹೊತ್ತಿಗೆ ಗ್ವಾಂಗ್‌ಬಿಗೆ ತಾನು ಹೇಳಿದ್ದು ಯಾರಿಗೆ ಎಂಬುದು ಹೊಳೆಯಿತು. ಅಷ್ಟರಲ್ಲೇ ಲಿಂಗ್‌ಯುವಿನ ಫೋನು ಬಂತು.

"ಅಮ್ಮಾ, ಬರ್ತಿದೀನಿ ಅಂತ ಅತ್ತೆ ಮೆಸೇಜ್ ಹಾಕಿದ್ರು. ಎಷ್ಟೊತ್ತಾಯ್ತು, ಬಂದೇ ಇಲ್ವಲ್ಲ!"

ಗ್ವಾಂಗ್‌ಬಿ ಬೀಗಿತ್ತಿಯ ನಂಬರಿಗೆ ಮಾಡಿದರೆ ಫೋನು ಒಳಗೆ ಹಾಸಿಗೆಯ ಪಕ್ಕ ಚಾರ್ಜಿಗೆ ಸಿಕ್ಕಿಸಿಕೊಂಡೇ ಹಾಡಿತು. ಒಲೆ ಆರಿಸಿದವಳೇ ತಿರುವಿನ ಮೂಲೆಯಲ್ಲಿ ದಡಿ ಊರಿಕೊಂಡು ಕೂತಿದ್ದ ಹಮಾಲಿ ಪು ಮುದುಕನ ಹತ್ತಿರ ಓಡಿದಳು.

"ಪು ಅಣ್ಣಾ, ನಮ್ಮ ಬೀಗಿತ್ತಿನ ನೋಡಿದ್ಯಾ?"

"ಕೈಯಲ್ಲಿ ಬಟ್ಟೆಗಂಟು ಇತ್ತಲ್ಲ, ಅವರೇನಾ? ಪೂರ್ವ ಯಾವ ಕಡೆ ಅಂತ ಕೇಳಿದ್ರು. ನಾನೂ ಹುಟ್ಟಿದಾಗಿಂದ ಇಲ್ಲೇ ಇದೀನಿ ತಾಯಿ, ಈ ಊರಲ್ಲಿ ಪೂರ್ವ ಅನ್ನೋದನ್ನ ಕಂಡಿಲ್ಲ ಅಂದೆ."

"ಮೇಲೆ ಹೋದ್ರಾ, ಕೆಳಗೆ ಹೋದ್ರಾ?"

"ಅಷ್ಟರಲ್ಲಿ ಮಂಜು ಕವಿದುಬಿಡ್ತು, ಯಾರಿಗೆ ಕಾಣತ್ತೆ? ಯಾಕೆ, ಬೀಗಿತ್ತಿನೇ ಕಳ್ಕೊಂಡ್ಯಾ? ಇನ್ನು ವಧುದಕ್ಷಿಣೆ ಮಾತು ಯಾರ ಹತ್ರ ಆಡ್ತೀಯ!"

ಬೇರೆ ದಿನವಾಗಿದ್ದರೆ ಅವನ ದಡಿಯನ್ನೇ ಕಿತ್ತು ಬೆನ್ನಿಗೆ ಬಾರಿಸುತ್ತಿದ್ದಳು. ಈಗ ಮಾತಿಗೂ ನಿಲ್ಲದೆ ಮೇಲಕ್ಕೆ ಹತ್ತಿದಳು. ದಿನವೂ ಓಡಾಡುವ ಮೆಟ್ಟಿಲೇ ಅಂದು ಮುಗಿಯಲೊಲ್ಲದು. ಪ್ರತಿ ತಿರುವಿನಲ್ಲೂ ಒಂದು ಕೇಡು ಕಣ್ಣ ಮುಂದೆ ಬಂತು. ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿದ್ದರೆ? ಬೈಕಿಗೆ ಸಿಕ್ಕಿದ್ದರೆ? ದೇವಿ ಗ್ವಾನ್‌ಯಿನ್ ತಾಯೀ, ಮದುವೆ ಮುರಿದರೆ ಮುರಿಯಲಿ, ಅವಳೊಬ್ಬಳು ಸಿಗಲಿ ಎಂದು ಹರಕೆ ಹೊತ್ತಳು. ಮರುಗಳಿಗೆಗೇ, ಮುರಿಯುವುದೂ ಬೇಡ ತಾಯೀ ಎಂದು ತಿದ್ದಿದಳು.

ಅಂಗಡಿಯ ಬಾಗಿಲಲ್ಲಿ ಲಿಂಗ್‌ಯು ಬಿಳಿಚಿಕೊಂಡು ನಿಂತಿದ್ದಳು. ವೆನ್‌ಕೈಗೂ ಸುದ್ದಿ ಮುಟ್ಟಿತ್ತು. ರೈಲು ಡಿಪೋದಲ್ಲಿ ಕೆಲಸ ಬಿಟ್ಟು ಹೊರಟಿದ್ದಾನಂತೆ. "ನೀನು ಅವನಿಗೆ ಕಾದು ಇಲ್ಲೇ ಇರು," ಎಂದ ಗ್ವಾಂಗ್‌ಬಿ ಏದುಸಿರು ಬಿಡುತ್ತ ಗೋಡೆಗೆ ಒರಗಿದಳು. ಬಯಲಿನವಳು ಹೇಗೆ ನಡೆಯುತ್ತಾಳೆ ಎಂದು ಆಗ ಯೋಚನೆ ಬಂತು. ಅವರಲ್ಲಿ ಪೂರ್ವ ಪಶ್ಚಿಮ ಕೇಳಿಕೊಂಡು, ಮುಖ ಮಾಡಿದ ಕಡೆ ಸುಮ್ಮನೆ ನಡೆದರೆ ಊರು ಸಿಗುತ್ತದಂತೆ. ಮನೆಯ ಮುಂದಿನ ಕವಲಿನಲ್ಲಿ ಮೆಟ್ಟಿಲು ಬಿಟ್ಟರೆ ಇರುವುದು ಒಂದೇ ಓಣಿ. ನೋಡಲು ಸಮತಟ್ಟು, ನಾಲ್ಕು ಮನೆ ದಾಟಿದ ಮೇಲೆ ಗೊತ್ತಾಗದಂತೆ ಇಳಿಯುತ್ತದೆ, ಇಳಿದು ಇಳಿದು ಹೊಳೆಗೇ ಮುಟ್ಟಿಸುತ್ತದೆ. ಹೊಳೆ ಎಂದು ನೆನೆದದ್ದೇ ಗ್ವಾಂಗ್‌ಬಿ, "ಅವನು ಬಂದ್ಮೇಲೆ ದೋಣಿಕಟ್ಟೆಗೆ ಬನ್ನಿ," ಎಂದು ಮಗಳಿಗೆ ಕೂಗಿ ಕೆಳಗೆ ಓಡಿದಳು.

ಫೆಂಗ್‌ಯಿಂಗ್ ಹಳೆಯ ದೋಣಿಕಟ್ಟೆಯ ಕೊನೆಯ ಕಲ್ಲಿನ ಮೇಲೆ, ಬನ್ನಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಕಂಡದ್ದೇ ಗ್ವಾಂಗ್‌ಬಿಗೆ ಅಳು ಬಂತು, ಜೊತೆಗೇ ಸಿಟ್ಟೂ ಬಂತು.

"ಇಲ್ಲಿಗ್ಯಾಕೆ ಬಂದ್ರಿ ಅಕ್ಕ! ನನ್ನ ಜೀವ ಬಾಯಿಗೆ ಬಂದಿತ್ತು!"

"ದಾರಿ ತಾನಾಗೇ ಇಳೀತು, ನಾನೂ ಇಳಿದೆ," ಎಂದಳು ಫೆಂಗ್‌ಯಿಂಗ್. "ವಾಪಸ್ ಹೊರಟು ತಿರುಗಿ ನೋಡಿದ್ರೆ ಈ ಗೋಡೆ." ಹಿಂದಿನ ಕಡಿದಾದ ಮೆಟ್ಟಿಲ ಸಾಲಿಗೆ ಅವಳು ಗೋಡೆ ಎಂದಳು. "ನಿಮ್ಮೂರಲ್ಲಿ ಸಮತಟ್ಟಾಗಿರೋದು ಈ ನೀರೊಂದೇ ಅಲ್ವಾ? ಇಷ್ಟು ದಿನ ನನ್ನನ್ನ ಪೆಟ್ಟಿಗೇಲಿಟ್ಟು ತಿರುಗಿಸಿದ್ರಿ."

ಗ್ವಾಂಗ್‌ಬಿ ಬೆನ್ನು ತಿರುಗಿಸಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಹತ್ತಿ. ಈ ಬೆನ್ನು ಮೂಟೆಗಟ್ಟಲೆ ಹೊತ್ತಿದೆ."

"ಸತ್ತೇ ಹೋಗ್ತೀರಿ!"

"ಸತ್ರೆ ನೀವೇ ಮಣ್ಣು ಮಾಡಿ. ಹತ್ತಿ ಅಂದ್ನಲ್ಲ!"

ಫೆಂಗ್‌ಯಿಂಗ್ ಕೊನೆಗೂ ಹತ್ತಿದಳು. ಬೆನ್ನು ಭಾರ ಮರೆತಿರಲಿಲ್ಲ. ನಡುವಿನ ಕಟ್ಟೆಯೊಂದರ ಮೇಲೆ ಇಳಿಸಿ ಇಬ್ಬರೂ ಏದುಸಿರು ಬಿಟ್ಟರು. ಗ್ವಾಂಗ್‌ಬಿ ಉಸಿರು ತಿರುಗಿದ ಮೇಲೆ ನೇರವಾಗಿ ಹೇಳಿದಳು, "ನೀವು ಮಗನ್ನ ಕರ್ಕೊಂಡು ಹೋಗ್ತೀರಿ, ಹಿಂದೆ ನನ್ನ ಮಗಳೂ ಹೋಗ್ತಾಳೆ ಅಂತ ಭಯ ಅಕ್ಕ. ಅದಕ್ಕೇ ಮೆಟ್ಟಿಲು ಮುಚ್ಚಿಟ್ಟೆ."

ಫೆಂಗ್‌ಯಿಂಗ್ ಅವಳ ಮುಖವನ್ನೇ ನೋಡಿದಳು. "ಕರ್ಕೊಂಡು ಹೋಗೋಕಾ? ಹೊಲ ಗುತ್ತಿಗೆಗೆ ಕೊಟ್ಟು, ಮನೆಗೆ ಬೀಗ ಜಡಿದು ಬಂದಿದೀನಿ ತಂಗಿ. ಮಕ್ಕಳ ಹತ್ರ ಇಲ್ಲೇ ಇದ್ದುಬಿಡೋಣ ಅಂತ. ಒಂದ್ಸಲ ನೋಡಿ ಆಮೇಲೆ ಹೇಳೋಣ ಅಂತಿದ್ದೆ." ಅವಳು ಪ್ಯಾಂಟು ಮೇಲೆ ಸರಿಸಿದಳು. ಮಂಡಿ ಹೂಕೋಸಿನಂತೆ ಊದಿತ್ತು. "ನೀವು ಮೆಟ್ಟಿಲು ಮುಚ್ಚಿಟ್ರಿ, ನಾನು ಇದನ್ನ ಮುಚ್ಚಿಟ್ಟೆ."

ಗ್ವಾಂಗ್‌ಬಿ ಬಗ್ಗಿ ಊತದ ಮೇಲೆ ಅಂಗೈ ಇಟ್ಟು ನೋಡಿದಳು.

"ಇಲ್ಲಿ ನನ್ನ ಕೈಲಿ ಇರೋಕಾಗಲ್ಲ," ಎಂದಳು ಫೆಂಗ್‌ಯಿಂಗ್. "ಊರು ಒಗ್ಗಲಿಲ್ಲ ಅಂತ ಹೇಳಿ ಹೊರಟುಬಿಡ್ತೀನಿ. ಮಂಡಿ ವಿಷಯ ಎತ್ತಬೇಡಿ. ಗೊತ್ತಾದ್ರೆ ನಮ್ಮ ಹುಡುಗ ನನ್ನ ಹಿಂದೆ ಬಂದುಬಿಡ್ತಾನೆ, ಇಲ್ಲಿನ ಕೆಲಸಾನೂ ಹೋಗತ್ತೆ. ಮಾತು ಕೊಡಿ."

ಗ್ವಾಂಗ್‌ಬಿ ಮಾತು ಕೊಟ್ಟಳು. ಕೊಡುವಾಗ ಒಳಗೊಳಗೇ ಹಗುರಾದದ್ದು ಸುಳ್ಳಲ್ಲ. ಹಗುರಾಯಿತಲ್ಲ ಎಂದು ನಾಚಿಕೆಯಾದದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಮೇಲಿನಿಂದ ದಡದಡನೆ ಹೆಜ್ಜೆಯ ಸದ್ದು ಕೇಳಿ, ಮಂಜಿನೊಳಗಿಂದ ವೆನ್‌ಕೈ ಇಳಿದು ಬಂದ. ಹಿಂದೆ ಲಿಂಗ್‌ಯು. "ಅಮ್ಮಾ! ಏನಾಯ್ತಮ್ಮಾ?"

"ಏನೂ ಇಲ್ಲಪ್ಪ, ಹೊಳೆ ನೋಡೋಣ ಅಂತ ಬಂದೆ." ಫೆಂಗ್‌ಯಿಂಗ್ ಪ್ಯಾಂಟು ಕೆಳಗೆಳೆದುಕೊಂಡಳು. "ನೋಡು, ನಿಮ್ಮೂರು ನನಗೆ ಒಗ್ಗಲ್ಲ. ಈ ಖಾರ, ಈ ಮಂಜು! ನಾಳೆ ಹೊರಡ್ತೀನಿ. ನೀವಿಬ್ರೂ ಇಲ್ಲೇ ಚೆನ್ನಾಗಿರಿ."

ವೆನ್‌ಕೈಯ ಮುಖ ಸಪ್ಪಗಾಯಿತು. "ಆಯ್ತಮ್ಮ, ನಿನ್ನಿಷ್ಟ," ಎಂದ. ಅವನು ನಂಬಿದ್ದ. ಗ್ವಾಂಗ್‌ಬಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅವಳ ಭಯವೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀಗ ತೆಗೆದು ಕತ್ತಲೆ ಮನೆಗೆ ಒಬ್ಬಳೇ ಕಾಲೆಳೆದುಕೊಂಡು ಹೋಗುವ ಹೆಂಗಸು ಅವಳ ಕಣ್ಣಿಗೆ ಕಟ್ಟಿದಳು. ಈವರೆಗೆ ಅಂಥ ಮನೆಯಲ್ಲಿ ಅವಳು ಕಂಡು ಹೆದರುತ್ತಿದ್ದುದು ತನ್ನನ್ನೇ.

"ಸುಳ್ಳು ಕಣಪ್ಪ," ಎಂದಳು. "ಖಾರ ಅಲ್ಲ, ಮಂಜೂ ಅಲ್ಲ. ಇವರ ಮಂಡಿ ಹೋಗಿದೆ. ನಿನ್ನ ಹತ್ರ ಇರೋಕೆ ಅಂತ ಮನೆಗೆ ಬೀಗ ಹಾಕ್ಕೊಂಡು ಬಂದವರು. ಇಲ್ಲಿ ಇರೋಕಾಗಲ್ಲ, ಅಲ್ಲಿ ಒಬ್ಬರೇ ಇರೋಕೂ ಆಗಲ್ಲ."

ಫೆಂಗ್‌ಯಿಂಗ್ ಅವಳ ತೋಳು ಚಿವುಟಿದಳು. "ಬೀಗರೇ, ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ."

ವೆನ್‌ಕೈ ತಾಯಿಯ ಕಾಲಬಳಿ ಕೂತು ಪ್ಯಾಂಟು ಸರಿಸಿ ನೋಡಿದ. ಆಮೇಲೆ ತಲೆ ಎತ್ತಿ ಲಿಂಗ್‌ಯುವನ್ನು ನೋಡಿದ. ಬಯಲಿಗೆ ಬರುತ್ತೀಯಾ ಎಂದು ಅವನು ಕಣ್ಣಲ್ಲೇ ಕೇಳುತ್ತಿದ್ದಾನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಿಂಗ್‌ಯು ಅವನತ್ತ ಹೂಂ ಎಂದು ತಲೆಯಾಡಿಸಿ, ತಾಯಿಯ ಕಡೆ ತಿರುಗಿದಳು.

"ಅಮ್ಮಾ, ನೀನು?"

ಗ್ವಾಂಗ್‌ಬಿ ಮುಖ ತೋರಿಸಲಿಲ್ಲ. "ನಾನೇ ಹೊರ್ತೀನಿ ಬಿಡಿ ಅತ್ತೆ," ಎಂದು ವೆನ್‌ಕೈ ಹೇಳಿದ್ದೂ ಕೇಳಿಸದವಳಂತೆ, ಬೆನ್ನು ತಿರುಗಿಸಿ ಫೆಂಗ್‌ಯಿಂಗಳ ಮುಂದೆ ಮತ್ತೆ ಕುಕ್ಕರಗಾಲಿನಲ್ಲಿ ಕೂತಳು.

"ಹತ್ತಿ ಅಕ್ಕ," ಎಂದಳು. "ಇನ್ನೂ ಅರ್ಧ ಇದೆ."