ಗುಡಲೂರಿನಿಂದ ಮೇಲಕ್ಕೆ

ಖಾಲಾ ನಕ್ಕರೆ ಮೊದಲು ಭುಜಗಳು ಕುಲುಕುತ್ತಿದ್ದವು, ಆಮೇಲೆ ಹೊಟ್ಟೆ. ನಗು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ನಕ್ಕು ಮುಗಿಸಿರುತ್ತಿದ್ದರು. ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ; ಬೀದಿಗೆಲ್ಲ ಅವರು ಖಾಲಾನೇ. ಎಪ್ಪತ್ತರ ದಶಕದ ಕೊನೆ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೆಳಗ್ಗೆ ಹೆಬ್ಬಾಳದ ಕೆರೆಯ ಕಡೆಯಿಂದ ಮಂಜು ತೇಲಿ ಬಂದು ನಮ್ಮೆರಡು ಮನೆಗಳ ನಡುವಿನ ಮೋಟು ಗೋಡೆಯನ್ನು ಅಳಿಸಿಬಿಡುತ್ತಿತ್ತು. ಆ ಬಿಳುಪಿನೊಳಗಿಂದ "ಬೇಟಾ, ನಿನ್ ಬ್ಲೌಸ್ ಆಯ್ತು, ತಗೊಂಡ್ಹೋಗು" ಎಂಬ ದನಿ ಮಾತ್ರ ಬರುತ್ತಿತ್ತು. ಬೀದಿಯ ಹೆಂಗಸರಿಗೆಲ್ಲ ಹೊಲಿದುಕೊಡುತ್ತಿದ್ದವರು ಅವರೇ. ಅಳತೆ ಕೊಡಲು ಹೋದವರಿಗೆ ಶಾವಿಗೆ ಪಾಯಸ ತಿನ್ನಿಸಿ, "ಒಂದಿಂಚು ಸಡಿಲ ಬಿಡ್ತೀನಿ, ನಮ್ಮನೇಲಿ ತಿಂದಿದ್ದಕ್ಕೆ" ಎನ್ನುವರು.

ಇಂಥ ಗಟ್ಟಿಗಿತ್ತಿಗೆ ಇದ್ದದ್ದು ಒಂದೇ ಭಯ: ತಿರುವಿನ ರಸ್ತೆ. ಬಸ್ಸು ಕೊಂಚ ಓಲಾಡಿದರೂ ಹೊಟ್ಟೆ ತೊಳಸುತ್ತಿತ್ತು. ಯಶವಂತಪುರದಲ್ಲಿ ಅವರ ಜೊತೆ ಹೊಲಿಗೆ ಕಲಿತ ಗೆಳತಿಯೊಬ್ಬರು ಮದುವೆಯಾಗಿ ಊಟಿ ಸೇರಿದ್ದರು. ಆ ಗೆಳತಿಯ ಗಂಡ ತೀರಿಕೊಂಡಾಗ ಖಾಲಾ ಒಬ್ಬರೇ ಬಸ್ಸು ಹತ್ತಿ, ಗುಡಲೂರಿನಲ್ಲಿ ತಲೆ ಎತ್ತಲಾಗದೆ, ಅಲ್ಲಿಂದಲೇ ವಾಪಸಾದರು. ಅದನ್ನು ಗೆಳತಿಗೆ ತಿಳಿಸಲೂ ಇಲ್ಲ. ಸಾವಿನ ಮನೆಗೆ ಹೋಗಿ ಮಾತಾಡಿಸದವರನ್ನು ಯಾರು ಮನ್ನಿಸುತ್ತಾರೆ? ಗೆಳತಿ ಆಮೇಲೆ ಬೆಂಗಳೂರಿಗೆ ಬಂದು ಹೋದರೂ ಇವರ ಮನೆ ಕಡೆ ಸುಳಿಯಲಿಲ್ಲ.

ವರ್ಷಗಳ ಮೇಲೆ ನಮ್ಮಪ್ಪ ಹಳೆಯ ಅಂಬಾಸಿಡರ್ ಕೊಂಡು ನನ್ನನ್ನು ಊಟಿಗೆ ಹೊರಡಿಸಿದಾಗ, ಖಾಲಾ ನಿಂಬೆಹಣ್ಣಿನ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. "ಭಾಯ್‌ಸಾಬ್, ನನ್ನೂ ಕರ್ಕೊಂಡ್ಹೋಗಿ. ಈ ಸಲ ಅವಳ ಮುಖ ನೋಡ್ಲೇಬೇಕು."

ಗುಡಲೂರು ದಾಟಿ ಘಾಟಿ ಶುರುವಾಯಿತು. ನೋಡುವ ಜಾಗವೆಂದು ನಾವು ಎಲ್ಲೂ ನಿಲ್ಲಿಸಲಿಲ್ಲ. ಖಾಲಾ ಕೈ ಎತ್ತಿದಲ್ಲೆಲ್ಲ ನಿಲ್ಲಿಸಿದೆವು. ಅವರು ರಸ್ತೆ ಬದಿಯಲ್ಲಿ ಬಗ್ಗಿದ್ದರೆ ನಾನು ನೀರಿನ ಚೊಂಬು ಹಿಡಿದು ಸುಮ್ಮನೆ ನೋಡುತ್ತಿದ್ದೆ. ಕಣಿವೆಯಲ್ಲಿ ಮೋಡ ಮಲಗಿತ್ತು. ಮುಂದಿನ ತಿರುವಿನಲ್ಲಿ ಟೀ ತೋಟ, ಅದರ ಮೇಲೆ ಒಂದು ತುಂಡು ಬಿಸಿಲು ಮೆಲ್ಲಗೆ ಜರುಗುತ್ತಿತ್ತು. ಇನ್ನೊಂದರಲ್ಲಿ ನೀಲಗಿರಿ ಎಲೆಯ ವಾಸನೆ, ಎಲ್ಲೋ ನೀರು ಬೀಳುವ ಸದ್ದು. ನೀರು ಮಾತ್ರ ಕಾಣದು. ನಿದ್ದೆಯಲ್ಲಿ ನಡೆದ ಹಾಗಿತ್ತು. ಅಷ್ಟು ಚಂದದ ದಾರಿಯನ್ನು ನಾನು ಮತ್ತೆ ಕಂಡಿಲ್ಲ. ಪಾಪ, ಖಾಲಾ ಕಂಡದ್ದು ಬರೀ ಮೋರಿ ಕಲ್ಲು.

ಅಪ್ಪ ಕಾರಿನಿಂದ ಇಳಿದು ಬಂದರು. "ಸಾಕು ಕಣ್ರೀ, ಹಿಂದಕ್ಕೆ ಹೋಗ್ಬಿಡೋಣ."

ಖಾಲಾ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೊಟ್ಟೇಲಿರೋದು ಬೇಕಾದ್ರೆ ಬರ್ಲಿ, ನಾನು ಮಾತ್ರ ವಾಪಸ್ ಬರಲ್ಲ."

ಗೆಳತಿಯ ಮನೆ ಸೇರಿದಾಗ ಮಧ್ಯಾಹ್ನವೇ ಮಬ್ಬಾಗಿತ್ತು. ಸ್ವೆಟರ್ ತೊಟ್ಟ ತೆಳ್ಳಗಿನ ಹೆಂಗಸು ಬಾಗಿಲು ತೆರೆದು, ಖಾಲಾರನ್ನು ನೋಡಿ ಹೊಸಿಲಲ್ಲೇ ನಿಂತರು. "ಈಗ್ ಬಂದ್ಯಾ? ಎಲ್ಲಾ ಮುಗಿದ್ಮೇಲೆ?"

ದಾರಿಯುದ್ದಕ್ಕೂ ನನಗೆ ಒಪ್ಪಿಸಿದ್ದ ಮಾತುಗಳನ್ನು ಹೇಳಲು ಖಾಲಾ ಬಾಯಿ ತೆರೆದರು. ಪಕ್ಕಕ್ಕೆ ತಿರುಗಿ ಡೇಲಿಯಾ ಪಾತಿಯಲ್ಲಿ ವಾಂತಿ ಮಾಡಿಕೊಂಡರು. ಭೂಮಿ ಬಾಯಿ ಬಿಡಬಾರದೆ ಎನಿಸಿತು ನನಗೆ. ಗೆಳತಿ ಮೆಟ್ಟಿಲಿಳಿದು ಬಂದು ಅವರ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದರು.

"ಅವತ್ತೂ ಹೊರಟಿದ್ದೆ. ಹಿಂಗೇ ಆಯ್ತು" ಎಂದರು ಖಾಲಾ.

"ಹೇಳ್ಬಾರ್ದಿತ್ತಾ, ಹುಚ್ಚಿ?"

"ನಿನ್ ಯಜಮಾನ್ರು ಹೋಗಿದ್ರು. ಅದ್ರ ಮುಂದೆ ನನ್ ಹೊಟ್ಟೆ ತೊಳಸಿದ್ದೂ ಒಂದು ಮಾತಾ?"

ಇಬ್ಬರೂ ಮೆಟ್ಟಿಲ ಮೇಲೆ ಕೂತು, ಎಂದೋ ಸತ್ತವರಿಗಾಗಿ ಆ ದಿನ ಅತ್ತರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಖಾಲಾ ಹೋಗಿಬಿಟ್ಟರು. ನಾನು ಮದುವೆಯಾಗಿ ಬೀದರಿನಲ್ಲಿದ್ದೆ; ಸುದ್ದಿ ತಲುಪಿದ್ದೇ ತಿಂಗಳುಗಳ ಮೇಲೆ. ಇಷ್ಟು ತಡವಾಗಿ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಸಂಕೋಚವಾಯಿತು. ಖಾಲಾ ಜೊತೆ ಆ ಘಾಟಿ ಹತ್ತದೇ ಇದ್ದಿದ್ದರೆ ನಾನು ಹೋಗುತ್ತಿರಲಿಲ್ಲ.

ಆರ್.ಟಿ. ನಗರದ ಮನೆಯಲ್ಲಿ ಅವರ ಮಗಳು ನನ್ನ ಕೈ ಹಿಡಿದು ಒಳಗೆ ಕೂರಿಸಿದಳು. "ಎಲ್ರೂ ಮೊದಲ್ನೇ ವಾರದಲ್ಲೇ ಬಂದು ಹೋಗ್ಬಿಟ್ರು ಅಕ್ಕಾ. ಈಗ ಅಮ್ಮಿ ವಿಷಯ ಮಾತಾಡೋಕೆ ಯಾರೂ ಬರಲ್ಲ."

ಸಂಜೆಯವರೆಗೂ ಮಾತಾಡಿದೆವು.